ಜಾಲಹಳ್ಳಿಯ ವಾಲ್ವು, ರಾಜಗೋಪಾಲನಗರದ ಹಮ್ಮಿಂಗ್

ಬೆಂಗಳೂರಿನ ರಾಜಗೋಪಾಲನಗರದಲ್ಲಿ ಗಿಟಾರಿನ ಆಂಪ್ಲಿಫೈಯರ್ ಪರೀಕ್ಷೆ ಮಾಡುವುದಿದ್ದರೆ ಭಾನುವಾರವೇ ಮಾಡಬೇಕು. ಮಿಕ್ಕ ದಿನಗಳಲ್ಲಿ ನಮ್ಮ ಬೀದಿಯ ಲೈನಿನಲ್ಲಿ ಬರೀ ಕರೆಂಟ್ ಬರುವುದಿಲ್ಲ. ಎದುರು ಶೆಡ್ಡಿನ ವೆಲ್ಡಿಂಗು, ಪಕ್ಕದ ಪವರ್ ಪ್ರೆಸ್ಸು, ಹಿಂದಿನ ಸಾಲಿನ ಸಿಎನ್‌ಸಿ ಮಷೀನುಗಳ ಡ್ರೈವು, ಎಲ್ಲದರ ಕಸವೂ ಜೊತೆಗೇ ಬಂದು ಸ್ಪೀಕರಿನಲ್ಲಿ ಕೂರುತ್ತದೆ. ಗಲಾಟೆ ಪೆಟ್ಟಿಗೆಯದೋ ಬೀದಿಯದೋ ಎಂದು ಹೇಳಲು ಆಗ ಬ್ರಹ್ಮನಿಗೂ ಆಗುವುದಿಲ್ಲ.

ನನ್ನ ಕಸುಬು ಟ್ರಾನ್ಸ್‌ಫಾರ್ಮರ್ ವೈಂಡಿಂಗ್. ಸ್ಟೆಬಿಲೈಜರ್, ಬ್ಯಾಟರಿ ಚಾರ್ಜರ್, ಕಂಟ್ರೋಲ್ ಪ್ಯಾನೆಲ್, ಹೀಗೆ ಪಕ್ಕದ ಪೀಣ್ಯದ ಕಾರ್ಖಾನೆಗಳು ಕೇಳಿದ್ದನ್ನೆಲ್ಲ ಸುತ್ತಿಕೊಟ್ಟಿದ್ದೇನೆ. ಗಿಟಾರಿನವರು ಬರುವುದು ಅಪರೂಪ. ಬಂದವರು ಬೇಗ ಏಳುವುದೂ ಇಲ್ಲ. ಅವರು ತರುವುದು ಹೆಚ್ಚಾಗಿ ಕಾಂಬೋ, ಅಂದರೆ ಆಂಪ್ಲಿಫೈಯರೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು. ಹಿಂದಿನ ಹಲಗೆ ಬಿಚ್ಚಿದರೆ ಒಳಗಿರುವುದೇನು? ಎರಡು ಟ್ರಾನ್ಸ್‌ಫಾರ್ಮರು, ನಾಲ್ಕೈದು ವಾಲ್ವು, ಒಂದು ಹಿಡಿ ರೆಸಿಸ್ಟರು ಕೆಪ್ಯಾಸಿಟರು, ಒಂದು ಹನ್ನೆರಡಿಂಚಿನ ಸ್ಪೀಕರು, ಪ್ಲೈವುಡ್ಡು, ಮೇಲೆ ರೆಕ್ಸಿನ್. ಇದರಲ್ಲಿ ಯಾವುದೂ ಬೆಂಗಳೂರಿಗೆ ಹೊಸದಲ್ಲ. ವಾಲ್ವನ್ನಂತೂ ಅರವತ್ತರ ದಶಕದಲ್ಲೇ ನಮ್ಮ ಜಾಲಹಳ್ಳಿಯಲ್ಲಿ ಮಾಡುತ್ತಿದ್ದರು. ಹಾಗಿದ್ದೂ ಗಿಟಾರಿಗೆಂದೇ ಮಾಡಿದ ಪೆಟ್ಟಿಗೆ ಈ ಕಡೆಯ ಹುಡುಗರ ಕೈ ಸೇರಿದ್ದು ಬಹಳ ತಡವಾಗಿ. ನಡುವೆ ಏನೇನಾಯಿತು ಎನ್ನುವುದನ್ನು ಬೆಸುಗೆಯ ಐರನ್ ಹಿಡಿದವನ ಕಡೆಯಿಂದ ಯಾರೂ ಬರೆದಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಎಲ್ಲರ ಬಾಯಲ್ಲಿ ಬಿಇಎಲ್, ಶುರುವಾದದ್ದು 1954ರಲ್ಲಿ, ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದಲ್ಲಿ. ಸೈನ್ಯಕ್ಕೆ ವೈರ್‌ಲೆಸ್ ಸೆಟ್ ಮಾಡುವುದು ಅದರ ಮೊದಲ ಕೆಲಸ. 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಶುರುವಾಯಿತು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರು. ನಮ್ಮ ಚಿಕ್ಕಮ್ಮ ಅಲ್ಲಿ ಕೆಲಸ ಮಾಡುತ್ತಿದ್ದದ್ದು ವಾಲ್ವು ಜೋಡಿಸುವ ಕಡೆ. ಅವರು ಹೇಳುತ್ತಿದ್ದ ಪ್ರಕಾರ ಅದು ಅಕ್ಕಸಾಲಿಗನ ಕೆಲಸಕ್ಕಿಂತ ನಾಜೂಕು. ನಡುವೆ ಬಿಳಿ ಲೇಪದ ಸಣ್ಣ ಕೊಳವೆ, ಅದು ಕ್ಯಾಥೋಡ್. ಅದರೊಳಗೆ ಕಾಯುವ ತಂತಿ. ಸುತ್ತಲೂ ಕೂದಲಿಗಿಂತ ತೆಳುವಾದ ತಂತಿಯ ಗ್ರಿಡ್, ಅದರಾಚೆಗೆ ತಗಡಿನ ಪ್ಲೇಟು. ಇಷ್ಟನ್ನೂ ಮೇಲೆ ಕೆಳಗೆ ಅಭ್ರಕದ ಬಿಲ್ಲೆಯಿಂದ ಅಲುಗದಂತೆ ಹಿಡಿಸಬೇಕು. ಕೈ ನಡುಗಿ ಗ್ರಿಡ್ಡು ಕ್ಯಾಥೋಡಿಗೆ ತಾಗಿತೋ, ವಾಲ್ವು ಕಸದ ಬುಟ್ಟಿಗೆ. ಹಬ್ಬದ ದಿನ ಮನೆಯಲ್ಲಿ ಚಿಕ್ಕಮ್ಮ ಎಳೆಯುತ್ತಿದ್ದ ಎಳೆ ರಂಗೋಲಿ ನೋಡಿದವರಿಗೆ ಅವರನ್ನು ಅಲ್ಲಿ ಯಾಕೆ ಇಟ್ಟುಕೊಂಡಿದ್ದರು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗೆ ಜಾಲಹಳ್ಳಿಯಿಂದ ಹೊರಟ ವಾಲ್ವುಗಳಲ್ಲಿ ಇಸಿಸಿ83 ಇತ್ತು, ಇಎಲ್84 ಇತ್ತು. ಅಮೆರಿಕದವರು ಇಸಿಸಿ83ನ್ನು 12ಎಎಕ್ಸ್7 ಅನ್ನುತ್ತಾರೆ. ಜಗತ್ತಿನ ಯಾವುದೇ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ಬಿಚ್ಚಿದರೂ ತಂತಿಯ ಸಣ್ಣ ಸದ್ದನ್ನು ಮೊದಲು ಎತ್ತಿಕೊಳ್ಳುವುದು ಸಾಮಾನ್ಯವಾಗಿ ಇದೇ. ಒಂದೇ ಗಾಜಿನೊಳಗೆ ಎರಡು ಟ್ರಯೋಡು, ಒಂದೊಂದೂ ನೂರು ಪಟ್ಟಿನ ಲೆಕ್ಕದ್ದು. ಇಎಲ್84 ಸ್ಪೀಕರನ್ನು ತಳ್ಳುವ ವಾಲ್ವು. ಬೀಟಲ್ಸ್‌ನವರು ಬೆನ್ನ ಹಿಂದೆ ಇಟ್ಟುಕೊಂಡು ನುಡಿಸುತ್ತಿದ್ದ ವಾಕ್ಸ್ ಎಸಿ30 ಕಾಂಬೋದಲ್ಲಿ ಸಾಲಾಗಿ ನಾಲ್ಕು ಇಎಲ್84 ಇರುತ್ತವೆ. ಮೂವತ್ತು ವ್ಯಾಟು, ಹನ್ನೆರಡಿಂಚಿನ ಎರಡು ಸ್ಪೀಕರು.

ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಪೆಟ್ಟಿಗೆ ಹುಟ್ಟಿಸಿದವರೂ ನಮ್ಮ ಜಾತಿಯವರೇ. ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು, ಗಿಟಾರ್ ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಜಿಮ್ ಮಾರ್ಷಲ್ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಮಾರುತ್ತಿದ್ದವನು. ಅವನ ಅಂಗಡಿಯ ಹುಡುಗರು 1962ರಲ್ಲಿ ಫೆಂಡರನ ಬಾಸ್‌ಮನ್ ಆಂಪ್ಲಿಫೈಯರ್ ನೋಡಿಕೊಂಡು ತಮ್ಮದೊಂದನ್ನು ಕಟ್ಟಿದರು. ರಿಪೇರಿಯವನೂ ನುಡಿಸುವವನೂ ಒಂದೇ ಬೆಂಚಿನ ಆಚೆ ಈಚೆ ಕೂತದ್ದರಿಂದ ಇವೆಲ್ಲ ಆದವು. ಅಲ್ಲಿ ಇನ್ನೂ ಒಂದು ವಿಚಿತ್ರ ನಡೆಯಿತು. ವಾಲ್ವಿಗೆ ಅದರ ಯೋಗ್ಯತೆ ಮೀರಿ ಸಿಗ್ನಲ್ ಕೊಟ್ಟರೆ ಸದ್ದು ಒಡೆಯುತ್ತದೆ. ರೇಡಿಯೊದವನ ಲೆಕ್ಕದಲ್ಲಿ ಅದು ದೋಷ. ಗಿಟಾರಿನವರು ಅದನ್ನೇ ಬೇಕೆಂದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಒಂದು ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ, ಆ ಸದ್ದಿನಲ್ಲೇ ರೆಕಾರ್ಡ್ ಮಾಡಿದ. ಅಂಥ ಗಿರಾಕಿ ನನ್ನ ಅಂಗಡಿಗೆ ಬಂದಿದ್ದರೆ ಬೈದು ಕಳಿಸುತ್ತಿದ್ದೆ.

ಜಾಲಹಳ್ಳಿಯ ವಾಲ್ವು ಸೇರಿದ್ದು ರೇಡಿಯೊಗಳಿಗೆ, ಮೈಕ್ ಸೆಟ್ಟುಗಳಿಗೆ. ಬೆಂಗಳೂರಲ್ಲೇ ಮೈಸೂರು ರಸ್ತೆಯ ರೆಮ್ಕೋ ಕಾರ್ಖಾನೆ ರೇಡಿಯೊ ಮಾಡುತ್ತಿತ್ತು. ಅದು ಆಮೇಲೆ ಬಿಎಚ್‌ಇಎಲ್‌ನೊಳಗೆ ಸೇರಿಹೋಯಿತು. ಆದರೆ ವಾಲ್ವ್ ರೇಡಿಯೊ ಅಂದರೆ ಮುಕ್ಕಾಲು ಪಾಲು ಗಿಟಾರ್ ಆಂಪ್ಲಿಫೈಯರೇ. ಬಹಳಷ್ಟು ಸೆಟ್ಟುಗಳ ಬೆನ್ನಿನಲ್ಲಿ ಗ್ರಾಮಫೋನ್ ಪಿಕಪ್ ಸಿಕ್ಕಿಸಲು ಎರಡು ತೂತು ಇರುತ್ತಿದ್ದವು. ಗಿಟಾರಿನ ವೈರನ್ನು ಅಲ್ಲಿ ತುರುಕಿದರೆ ನಾಲ್ಕೈದು ವ್ಯಾಟಿನ ಸದ್ದು, ಅದೂ ಇಎಲ್84 ಮೂಲಕ, ದೊಡ್ಡ ಅಂಡಾಕಾರದ ಸ್ಪೀಕರಿನಲ್ಲಿ. ಇಂದು ಹುಡುಗರು ಬೆಡ್‌ರೂಮ್ ಆಂಪ್ ಎಂದು ಮೂವತ್ತು ನಲವತ್ತು ಸಾವಿರ ಕೊಡುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೇನಿಲ್ಲ. ಹವಾಯಿಯನ್ ಗಿಟಾರ್ ಕಲಿಯುತ್ತಿದ್ದವರು ಹೀಗೆ ರೇಡಿಯೊಗೆ ಸಿಕ್ಕಿಸಿಕೊಂಡು ವ್ಯಾನ್ ಶಿಪ್ಲಿಯ ರೆಕಾರ್ಡಿನಲ್ಲಿ ಕೇಳಿದ ಸಿನಿಮಾ ಹಾಡುಗಳನ್ನು ನುಡಿಸುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ.

ಅದರಲ್ಲಿ ಪ್ರಾಣಕ್ಕೆ ಕುತ್ತೂ ಇತ್ತು. ಎಸಿ-ಡಿಸಿ ಎರಡಕ್ಕೂ ನಡೆಯುವ ಅಗ್ಗದ ಸೆಟ್ಟುಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ವಾಲ್ವಿನ ಹೆಸರು ‘ಯು’ ಇಂದ ಶುರುವಾದರೆ ಅನುಮಾನ ಬೇಡ, ಅದು ಅದೇ. ಪ್ಲಗ್ಗನ್ನು ತಿರುಗುಮುರುಗು ಹಾಕಿದರೆ ಫೇಸು ನೇರ ಚಾಸಿಗೆ, ಚಾಸಿಯಿಂದ ಗಿಟಾರಿನ ತಂತಿಗೆ, ತಂತಿಯಿಂದ ನುಡಿಸುವವನಿಗೆ. ಟ್ರಾನ್ಸ್‌ಫಾರ್ಮರ್ ಯಾಕೆ ಬೇಕು, ಅಷ್ಟು ಭಾರ, ಅಷ್ಟು ದುಡ್ಡು ಎಂದು ಚೌಕಾಸಿ ಮಾಡುವವರಿಗೆ ನಾನು ಇಂದಿಗೂ ಇದನ್ನೇ ಹೇಳುವುದು.

ಎಪ್ಪತ್ತರ ದಶಕದ ಕೊನೆಗೆ ತುಮಕೂರು ರಸ್ತೆಯ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಎದ್ದಿತು. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಹೆಚ್ಚಿದಂತೆ, ದುಡಿಯುವವರಿಗೆ ಸೂರು ಬೇಕಾಗಿ ರಾಜಗೋಪಾಲನಗರ, ಲಗ್ಗೆರೆ, ಹೆಗ್ಗನಹಳ್ಳಿ ಎಲ್ಲ ಬೆಳೆದವು. ಕೆಳಗೆ ಲೇತು, ಮೇಲೆ ಮನೆ. ತುಮಕೂರು, ಹಾಸನ, ಮಂಡ್ಯ ಕಡೆಯಿಂದ ಬಂದ ಐಟಿಐ ಹುಡುಗರು ಒಂದೊಂದು ರೂಮಿನಲ್ಲಿ ನಾಲ್ಕು ನಾಲ್ಕು ಜನ. ಸಂಬಳದ ದಿನ ಟಿವಿಎಸ್ ಕ್ರಾಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಇವರ ಹಾಡಿನ ಹಸಿವು ನೀಗಿಸಿದ್ದು ಆರ್ಕೆಸ್ಟ್ರಾ.

ಗಣೇಶನಿಂದ ಹಿಡಿದು ನವೆಂಬರ್ ಮುಗಿಯುವವರೆಗೆ ಆರ್ಕೆಸ್ಟ್ರಾದವರಿಗೆ ಬಿಡುವಿಲ್ಲ. ಬೀದಿಗೊಂದು ಪೆಂಡಾಲು, ಕಾರ್ಖಾನೆಗೊಂದು ಕನ್ನಡ ಸಂಘ, ಸಂಘಕ್ಕೊಂದು ರಾಜ್ಯೋತ್ಸವ. ವೇದಿಕೆಯ ಮೇಲೆ ಇಬ್ಬರು ಗಾಯಕರು, ಒಬ್ಬಳು ಗಾಯಕಿ, ಕೀಬೋರ್ಡು, ತಬಲಾ ಡೋಲಕ್, ರಿದಮ್ ಪ್ಯಾಡು, ಮೂಲೆಯಲ್ಲಿ ಲೀಡ್ ಗಿಟಾರಿನವನು. ಶಂಕರ್‌ನಾಗ್ ಅವರ ‘ಗೀತಾ’ ಸಿನಿಮಾ 1981ರಲ್ಲಿ ಬಂದು, ಇಳಯರಾಜ ಅವರ ಹಾಡುಗಳು ಬಾಯಿಗೆ ಹತ್ತಿದ ಮೇಲೆ ಆ ಮೂಲೆಯವನಿಗೂ ಬೆಲೆ ಬಂತು. ಆದರೆ ಅವನ ಗಿಟಾರು ಹೋಗುತ್ತಿದ್ದದ್ದು ಎಲ್ಲಿಗೆ? ಮೈಕ್ ಸೆಟ್ಟಿಗೆ. ಅಹುಜಾ ಆಂಪ್ಲಿಫೈಯರಿನಲ್ಲಿ ಒಂದು ಮೈಕ್ ಕಿಂಡಿ ಖಾಲಿ ಇದ್ದರೆ ಅದು ಗಿಟಾರಿಗೆ. ಇಲ್ಲದಿದ್ದರೆ ಗಾಯಕಿಯ ಮೈಕಿನ ಜೊತೆ ಹಂಚಿಕೆ.

ಮಾತು ಸ್ಪಷ್ಟವಾಗಿ ದೂರಕ್ಕೆ ಹೋಗಲಿ ಎಂದು ಮಾಡಿದ ಯಂತ್ರ ಅದು. ಅದರ ಕಾಲಂ ಬಾಕ್ಸು, ಹಾರ್ನು ಎಲ್ಲವೂ ಮೇಲಿನ ಸ್ವರವನ್ನು ಚುಚ್ಚುವ ಹಾಗೆ ಕಳಿಸುತ್ತವೆ. ಗಿಟಾರಿನ ಸ್ಪೀಕರಿನ ಗುಣ ಇದಕ್ಕೆ ಉಲ್ಟಾ. ಐದು ಸಾವಿರ ಹರ್ಟ್ಸ್ ದಾಟಿದರೆ ಅದು ಕೈಬಿಡುತ್ತದೆ, ಹಾಗೆ ಬಿಡುವುದರಿಂದಲೇ ಒಡೆದ ಸದ್ದು ಕಿವಿಗೆ ಹಿತವಾಗುತ್ತದೆ. ಅದೇ ಒಡೆದ ಸದ್ದನ್ನು ಹಾರ್ನಿನಲ್ಲಿ ಕೇಳಿದರೆ ತಗಡು ಕೊಯ್ದ ಹಾಗಿರುತ್ತದೆ. ಆದ್ದರಿಂದ ನಮ್ಮ ಆರ್ಕೆಸ್ಟ್ರಾ ಗಿಟಾರಿಸ್ಟುಗಳು ಸದ್ದು ಒಡೆಯದಂತೆ ನುಡಿಸುವುದರಲ್ಲಿ ಪಳಗಿದರು. ತೆಳುವಾದ ಕಟ್ ರಿದಮ್, ಒಂದೇ ತಂತಿಯ ಮೇಲೆ ಚಕಚಕ ಹೊಡೆದು ಸ್ವರ ಎಳೆಯುವುದು, ಮೇಲೆ ಒಂದಷ್ಟು ಎಕೋ. ಇದು ಅವರ ರುಚಿ ಎಂದು ಸಂಗೀತದವರು ಹೇಳಬಹುದು. ನನ್ನ ಪ್ರಕಾರ ಅರ್ಧ ರುಚಿ, ಅರ್ಧ ಅಹುಜಾ.

ಸ್ವಂತ ಪೆಟ್ಟಿಗೆ ಬೇಕು ಎಂದವರು ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌ಪಿ ರೋಡಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ವಾಲ್ವಿನ ಕಾಲ ಮುಗಿಯುತ್ತಾ ಬಂದಿತ್ತು. ಸಿಗುತ್ತಿದ್ದದ್ದು 2ಎನ್3055, ಲೋಹದ ಟೊಪ್ಪಿಯಂಥ ಪವರ್ ಟ್ರಾನ್ಸಿಸ್ಟರು. ಅದನ್ನೂ ಬಿಇಎಲ್ ಮಾಡುತ್ತಿತ್ತು. ಬೋರ್ಡನ್ನು ಅಲ್ಲೇ ಯಾರಿಂದಲಾದರೂ ಜೋಡಿಸಿಕೊಂಡು, ಟ್ರಾನ್ಸ್‌ಫಾರ್ಮರ್ ನಮ್ಮಂಥವರ ಹತ್ತಿರ ಸುತ್ತಿಸಿಕೊಂಡು, ಪೆಟ್ಟಿಗೆ ಬಡಗಿಯ ಹತ್ತಿರ ಹೊಡೆಸಿ, ಆಟೋ ಸೀಟಿನ ಅಂಗಡಿಯಲ್ಲಿ ರೆಕ್ಸಿನ್ ಹೊದಿಸಿಕೊಂಡರೆ ಕಾಂಬೋ ತಯಾರು. ನಮ್ಮ ಬೀದಿಯಿಂದ ಹೊರಟ ಒಂದು ಪೆಟ್ಟಿಗೆಗೆ ಆಟೋದ ಕೆಂಪು ರೆಕ್ಸಿನ್ನು, ಅಂಚಿಗೆ ಟ್ರಂಕಿನ ಮೂಲೆ ತಗಡು. ತುಂಬ ದಿನ ಬಾಳಿತು. ಸದ್ದು? ಸಣ್ಣ ವಾಲ್ಯೂಮಿನಲ್ಲಿ ಚೆನ್ನಾಗಿತ್ತು. ಜೋರು ಮಾಡಿದರೆ ಟ್ರಾನ್ಸಿಸ್ಟರು ವಾಲ್ವಿನ ಹಾಗೆ ಮೆಲ್ಲಗೆ ಬಾಗುವುದಿಲ್ಲ, ಕತ್ತರಿಸಿದಂತೆ ನಿಂತುಬಿಡುತ್ತದೆ. ಜಪಾನಿನ ರೋಲ್ಯಾಂಡ್ ಕಂಪನಿ 1975ರಲ್ಲಿ ತಂದ ಜೆಸಿ-120 ಟ್ರಾನ್ಸಿಸ್ಟರಿನಲ್ಲೇ ತಿಳಿಯಾದ ಸದ್ದು ಮಾಡಿ ತೋರಿಸಿತ್ತು. ಅದರ ಹೆಸರು ಇಲ್ಲಿ ಕೇಳಿದವರು ಇದ್ದರು, ಮುಟ್ಟಿದವರು ನನಗೆ ಸಿಗಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಿಟಾರಿನ ಸದ್ದನ್ನು ಬೇಕೆಂದೇ ಒಡೆಯುವ ಲಂಡನ್ನಿನ ಫಜ್ ಪೆಡಲುಗಳಲ್ಲಿ ಹಾಕುತ್ತಿದ್ದ ಎಸಿ128 ಜರ್ಮೇನಿಯಂ ಟ್ರಾನ್ಸಿಸ್ಟರು ಬಿಇಎಲ್ ಗುರುತಿನಲ್ಲಿ ಎಸ್‌ಪಿ ರೋಡಿನ ಡಬ್ಬಿಗಳಲ್ಲಿ ಬಿದ್ದಿರುತ್ತಿತ್ತು. ಸಾಮಾನು ಇತ್ತು, ಕೈ ಇತ್ತು. ಸದ್ದು ಒಡೆಯುವುದನ್ನು ದುಡ್ಡು ಕೊಟ್ಟು ಕೇಳುವ ಗಿರಾಕಿ ಮಾತ್ರ ನಮ್ಮ ಕಡೆ ಇರಲಿಲ್ಲ. ಇದ್ದವರು ಊರಿನ ಇನ್ನೊಂದು ತುದಿಯಲ್ಲಿ, ಬ್ರಿಗೇಡ್ ರೋಡು, ಕಂಟೋನ್ಮೆಂಟ್ ಕಡೆ. ಹ್ಯೂಮನ್ ಬಾಂಡೇಜ್‌ನಂಥ ತಂಡಗಳು ಎಪ್ಪತ್ತರಲ್ಲೇ ಅಲ್ಲಿ ರಾಕ್ ನುಡಿಸುತ್ತಿದ್ದವು. ಅವರಿಗೆ ಪೀಣ್ಯ ಗೊತ್ತಿಲ್ಲ, ಪೀಣ್ಯಕ್ಕೆ ಅವರು ಗೊತ್ತಿಲ್ಲ. ಫುಲರ್ಟನ್ನಿನಲ್ಲಿ ಒಂದೇ ಬೆಂಚಿಗೆ ಬಂದ ಎರಡು ಜಾತಿಯ ಜನ ಇಲ್ಲಿ ಎರಡು ಬೇರೆ ಬಸ್ಸುಗಳಲ್ಲಿ ಓಡಾಡುತ್ತಿದ್ದರು.

ಆಮದಿಗೆ ಲೈಸೆನ್ಸ್ ಬೇಕಿದ್ದ ದಿನಗಳು ಅವು. ವಿದೇಶಿ ಪೆಟ್ಟಿಗೆ ಬೇಕೆಂದರೆ ಗಲ್ಫಿನಿಂದ ಬರುವ ನೆಂಟರು, ಇಲ್ಲವೇ ಮದ್ರಾಸಿನ ಬರ್ಮಾ ಬಜಾರು. 1991ರ ಮೇಲೆ ಬಾಗಿಲು ಮೆಲ್ಲಗೆ ತೆರೆಯಿತು. ಅಷ್ಟರಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರಿನ ಜಾಗವನ್ನು ಕೀಬೋರ್ಡು ನುಂಗಲು ಶುರು ಮಾಡಿತ್ತು. ಗಿಟಾರಿನ ಹೊಸ ಗಿರಾಕಿಗಳು ಬಂದದ್ದು ಬೇರೆ ದಾರಿಯಿಂದ. ಅರಮನೆ ಮೈದಾನದಲ್ಲಿ 2007ರ ಮಾರ್ಚಿನಲ್ಲಿ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ನುಡಿಸಿದಾಗ ನಮ್ಮ ಲಗ್ಗೆರೆ, ಸುಂಕದಕಟ್ಟೆಯ ಹುಡುಗರೂ ಕಪ್ಪು ಟೀಶರ್ಟ್ ಹಾಕಿಕೊಂಡು ಹೋಗಿದ್ದರು. ವೈಂಡರನ ಮಗ, ಟರ್ನರನ ಮಗ. ಆ ಎರಡು ಬಸ್ಸುಗಳು ಒಂದಾದದ್ದು ಹಾಗೆ.

ಮೊನ್ನೆ ಬಂದವನೂ ಅಂಥವನೇ. ಅವನಪ್ಪ ನನ್ನ ಜೊತೆ ವೈಂಡಿಂಗ್ ಮಾಡಿದವನು. ಸೆಕೆಂಡ್ ಹ್ಯಾಂಡಿನಲ್ಲಿ ಹದಿನೈದು ವ್ಯಾಟಿನ ಕಾಂಬೋ ನೋಡಿದ್ದಾನೆ, ಎರಡು ಇಎಲ್84, ಮೂರು ಇಸಿಸಿ83. ‘ಅಂಕಲ್, ಟ್ರಯಲ್‌ಗೆ ಕೊಟ್ಟಿದ್ದಾರೆ, ತಗೊಳ್ಳಲಾ ಬೇಡ್ವಾ ನೀವೇ ಹೇಳ್ಬೇಕು’ ಎಂದ. ಭಾನುವಾರ ಬೆಳಿಗ್ಗೆ ಬಾ ಎಂದೆ.

ಗಿಟಾರ್ ಸಿಕ್ಕಿಸದೆ ಬರೀ ಪೆಟ್ಟಿಗೆಯನ್ನು ಆನ್ ಮಾಡಿ ಕೂರುವುದು ನನ್ನ ಪದ್ಧತಿ. ಹುಡುಗರಿಗೆ ತಾಳ್ಮೆ ಇರುವುದಿಲ್ಲ. ವಾಲ್ವು ಕಾಯಲಿ, ಸದ್ದು ತಾನಾಗಿ ಬರಲಿ. ಮೊದಲು ಬರುವುದು ಹಮ್ಮಿಂಗ್. ಅದರಲ್ಲಿ ಎರಡು ಬಗೆ. ನಮ್ಮ ಮೇನ್ಸು 50 ಹರ್ಟ್ಸು. ಹೀಟರಿನಿಂದಲೋ ಅರ್ತಿನಿಂದಲೋ ನುಸುಳುವ ಹಮ್ಮಿಂಗ್ ಅದೇ 50. ಫಿಲ್ಟರ್ ಕೆಪ್ಯಾಸಿಟರ್ ಒಣಗಿದ್ದರೆ ಬರುವುದು ಅದರ ಎರಡರಷ್ಟು, 100. ಮೀಟರು ಬೇಡ, ಗಿಟಾರಿನಲ್ಲೇ ಗೊತ್ತಾಗುತ್ತದೆ. ದಪ್ಪ ತಂತಿಯ ಮೂರನೇ ಮನೆ ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸು. ಹಮ್ಮಿಂಗ್ ಆ ಸ್ವರದ ಜೊತೆ ಕೂಡಿಕೊಂಡು ಸಣ್ಣಗೆ ಅಲೆಯಾಡಿದರೆ ಕೆಪ್ಯಾಸಿಟರ್ ಬದಲಿಸುವ ಖರ್ಚು ಬೆಲೆಯಲ್ಲಿ ಕಳೆಯಬೇಕು. ಇವನ ಪೆಟ್ಟಿಗೆ ಆ ವಿಷಯದಲ್ಲಿ ಶುದ್ಧವಾಗಿತ್ತು.

ಆಮೇಲೆ ಒಂದೊಂದೇ ಗುಬ್ಬಿ ತಿರುಗಿಸಿ ನೋಡಿದೆ. ಟ್ರೆಬಲ್ ಕೊರಕೊರ ಎಂದಿತು, ಧೂಳು, ಸ್ಪ್ರೇ ಹೊಡೆದರೆ ಹೋಗುತ್ತದೆ. ಪೆನ್ಸಿಲಿನ ಹಿಂಬದಿಯಿಂದ ಒಂದೊಂದು ವಾಲ್ವನ್ನೂ ಮೆತ್ತಗೆ ತಟ್ಟಿದೆ. ಮೊದಲನೆಯದು ಗಂಟೆಯ ಹಾಗೆ ಟಿಣ್ ಎಂದಿತು. ಒಳಗೆ ಗ್ರಿಡ್ಡು ಸಡಿಲವಾಗಿದೆ ಎಂದರ್ಥ, ಜೋರಿನಲ್ಲಿ ವಿಸಿಲ್ ಹೊಡೆಯುತ್ತದೆ. ಗಿಟಾರ್ ಸಿಕ್ಕಿಸಿ ಜಾಕನ್ನು ಅಲುಗಿಸಿದಾಗ ಸದ್ದು ಹೋಗಿ ಬಂತು. ಬೋರ್ಡ್ ಬಿಚ್ಚುವ ಮುಂಚೆ ಕೆಪ್ಯಾಸಿಟರಿನ ಚಾರ್ಜು ಇಳಿಸಿಕೊಂಡೆ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಮುನ್ನೂರು ವೋಲ್ಟ್ ಕಾದು ಕೂತಿರುತ್ತದೆ. ಜಾಕಿನ ಕಾಲಿನಲ್ಲಿ ಡ್ರೈ ಸೋಲ್ಡರು, ಸುತ್ತ ಕೂದಲೆಳೆಯ ಬಿರುಕು. ಲೆಡ್ಡು ಹೀರಿ ಹೊಸದಾಗಿ ಬೆಸೆದೆ.

ಟಿಣ್ ಎಂದ ವಾಲ್ವು ರಷ್ಯಾದ್ದು. ಈಗ ಗಿಟಾರಿನವರಿಗೆ ಸಿಗುವ ಹೊಸ ವಾಲ್ವೆಲ್ಲ ರಷ್ಯಾ, ಸ್ಲೊವಾಕಿಯಾ, ಚೀನಾ ಕಡೆಯದೇ. ನನ್ನ ಡಬ್ಬಿಯಲ್ಲಿ ಹಳೇ ರೇಡಿಯೊಗಳಿಂದ ಉಳಿಸಿಕೊಂಡ ಬಿಇಎಲ್ ಇಸಿಸಿ83 ಇದ್ದವು. ಒಂದನ್ನು ಹಾಕಿದೆ. ಹುಡುಗ ಮೊದಲು ಮೆಲ್ಲಗೆ ಕಾರ್ಡ್ ಹಿಡಿದ, ಆಮೇಲೆ ವಾಲ್ಯೂಮ್ ಅರ್ಧ ದಾಟಿಸಿದ. ಮೆಲ್ಲಗೆ ಮೀಟಿದರೆ ತಿಳಿ, ಬಲವಾಗಿ ಮೀಟಿದರೆ ಅಂಚು ಮಾತ್ರ ಸ್ವಲ್ಪ ಒಡೆದು ಮತ್ತೆ ಕೂಡಿಕೊಳ್ಳುತ್ತಿತ್ತು. ಎದುರು ಮನೆಯವರು ಬಾಗಿಲಿಗೆ ಬಂದು ನೋಡಿದರು, ಬೈಯಲಿಲ್ಲ. ಇದು ಜಾಲಹಳ್ಳಿಯದು ಕಣಪ್ಪ ಎಂದೆ. ನಂಬಲಿಲ್ಲ, ಗಾಜಿನ ಮೇಲಿನ ಗುರುತನ್ನು ಫೋನಿನಲ್ಲಿ ಫೋಟೋ ತೆಗೆದು ಹುಡುಕಿದ. ಹೊರದೇಶದಲ್ಲಿ ಹಳೇ ಸ್ಟಾಕ್ ಎಂದು ಇದನ್ನೇ ಮಾರುತ್ತಿರುವುದು ಅವನಿಗೆ ಸಿಕ್ಕಿತು. ಆಮೇಲೆ ನನ್ನ ಡಬ್ಬಿಯನ್ನು ನೋಡುವ ದೃಷ್ಟಿಯೇ ಬದಲಾಯಿತು. ಆದರೂ ಮೆಟಲ್ ನುಡಿಸಲು ತನಗೆ ಇನ್ನೂ ಒರಟು ಬೇಕು, ಹೊಸ ವಾಲ್ವೇ ತರಿಸುತ್ತೇನೆ ಎಂದ. ಅವನ ಕಿವಿ, ಅವನ ದುಡ್ಡು.

ಪೆಟ್ಟಿಗೆಯನ್ನು ಕೊಂಡ. ಜಾಕು, ವಾಲ್ವು ಎರಡರ ಹೆಸರಿನಲ್ಲಿ ಬೆಲೆ ಇಳಿಸಲು ನಾನೇ ಹೇಳಿಕೊಟ್ಟೆ. ಹೋಗುವ ಮುಂಚೆ ಗೆಳೆಯನ ಕೆಲಸವೊಂದನ್ನು ಒಪ್ಪಿಸಿದ. ಅಮೆರಿಕದಿಂದ ಅಣ್ಣ ತಂದ ಕಾಂಬೋ, 120 ವೋಲ್ಟು 60 ಹರ್ಟ್ಸಿನದು, ಅದಕ್ಕೊಂದು ಸ್ಟೆಪ್‌ಡೌನ್ ಬೇಕು. ಇದರಲ್ಲಿ ಒಂದು ಇಕ್ಕಟ್ಟಿದೆ. ಅರವತ್ತಕ್ಕೆ ಮಾಡಿದ ಕೋರಿಗೆ ಐವತ್ತು ಕೊಟ್ಟರೆ ಬಿಸಿಯಾಗುತ್ತದೆ. 100 ವೋಲ್ಟಿಗೆ ಇಳಿಸಿದರೆ ಕೋರು ನೆಮ್ಮದಿಯಾಗಿರುತ್ತದೆ, ಆದರೆ ವಾಲ್ವಿನ ಹೀಟರಿಗೆ 6.3 ವೋಲ್ಟಿನ ಬದಲು 5.25 ಸಿಕ್ಕು ಅವು ಮಂಕಾಗುತ್ತವೆ. ಅದಕ್ಕೆ 105, 110, 115 ಎಂದು ಮೂರು ಟ್ಯಾಪ್ ತೆಗೆದು ಕೊಡುತ್ತೇನೆ, 110ರಲ್ಲಿ ಒಂದು ಗಂಟೆ ನುಡಿಸಿ ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಲಿ, ಕೈ ಇಡಲಾಗದಿದ್ದರೆ ಕೆಳಗಿನ ಟ್ಯಾಪಿಗೆ ಬರಲಿ ಎಂದೆ. ಆಟೋ ಟ್ರಾನ್ಸ್‌ಫಾರ್ಮರ್ ಆದರೆ ಅರ್ಧ ದುಡ್ಡಿಗೆ ಆಗುತ್ತಂತಲ್ಲ ಎಂದ. ಅದನ್ನು ಮಾತ್ರ ನಾನು ಸುತ್ತುವುದಿಲ್ಲ, ಪ್ರೈಮರಿ ಸೆಕೆಂಡರಿ ಬೇರೆ ಬೇರೆ ಇರಲೇಬೇಕು ಎಂದು ಹೇಳಿ, ಅಡ್ವಾನ್ಸ್ ತೆಗೆದುಕೊಂಡೆ.